ಕೈ ತುಂಬ ಕೆಲಸ, ಕಿವಿ ತುಂಬ ಫುಟ್‌ಬಾಲ್

"ಮೇಷ್ಟ್ರೇ, ಅಮೆರಿಕದ ಕಾಲೇಜು ಹುಡುಗ್ರು ಆಡೋ ಫುಟ್‌ಬಾಲ್ ಐತಲ್ಲ, ಅದನ್ನ ಕೇಳಾಕೆ ಏನಾರ ಸಿಗ್ತದೇನ್ರಿ?"

ಪಕ್ಕದ ಮನೆಯ ತಾಯಿ ಬೇಲಿಯ ಆಚೆ ನಿಂತು ಹೀಗೆ ಕೇಳಿದಳು. ನೋಡುವುದಕ್ಕಲ್ಲ, ಕೇಳುವುದಕ್ಕೆ. ಆಕೆಯ ಮಗ ಕೊಲಂಬಸ್ ಊರಿನ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. "ಸೆಪ್ಟೆಂಬರ್ ಬಂತಂದ್ರೆ ಶನಿವಾರ ಫೋನ್ ಎತ್ತಂಗಿಲ್ಲ ನೋಡ್ರಿ. ಎತ್ತಿದ್ರೂ ಮಾತೆಲ್ಲ ಮ್ಯಾಚಿಂದೇ. ಅವನು ಖುಷಿಲಿ ಹೇಳ್ತಾನೆ, ನಂಗೆ ತಲೆಬುಡ ತಿಳಿಯಂಗಿಲ್ಲ, ಹೂಂ ಹೂಂ ಅಂತೀನಿ. ಇನ್ನ ಎಷ್ಟ್ ದಿನ ಹೂಂ ಅನ್ನಲಿ? ಟಿವಿ ಮುಂದೆ ಕೂರಾಕೆ ಬಿಡುವಿಲ್ಲ. ಕೈಯಾಗೆ ಕೆಲಸ, ಕಣ್ಣು ಸೂಜಿ ಮ್ಯಾಲೆ. ಕಿವಿ ಒಂದೇ ಖಾಲಿ."

ರಾಯದುರ್ಗದಲ್ಲಿ ಇದ್ದವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಓಣಿ ಓಣಿಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳಿವೆ. ಒಂದು ಮನೆಯಲ್ಲಿ ಜೇಬು, ಇನ್ನೊಂದರಲ್ಲಿ ಜಿಪ್ಪು, ಮತ್ತೊಂದರಲ್ಲಿ ಕಾಜಾ ಗುಂಡಿ. ಬೆಳಗಿನಿಂದ ರಾತ್ರಿಯವರೆಗೆ ಕೈಯೂ ಕಣ್ಣೂ ಬಟ್ಟೆಗೆ ಮೀಸಲು. ಮಡಕಶಿರಾ ಕಡೆ ಹೋದರೆ ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಮನೆ. ಹುಳು ದೊಡ್ಡದಾದಾಗ ರಾತ್ರಿ ಎದ್ದು ಸೊಪ್ಪು ಹಾಕಬೇಕು. ಅಲ್ಲೂ ಕಿವಿಯೊಂದೇ ಬಿಡುವಾಗಿರುವುದು. ನಾನು ಹುಟ್ಟಿದ್ದು ಮಡಕಶಿರಾ ಕಡೆ, ಡ್ರಿಲ್ ಮೇಷ್ಟ್ರಾಗಿ ದುಡಿದು ನೆಲೆನಿಂತದ್ದು ರಾಯದುರ್ಗದಲ್ಲಿ. ಎರಡೂ ಊರಿನ ಕಿವಿಗಳ ಪರಿಚಯ ನನಗುಂಟು. ಪಾಡ್‌ಕಾಸ್ಟ್ ಅನ್ನುವುದು ಇಂಥ ಕಿವಿಗಳಿಗೆಂದೇ ಬಂದ ವಸ್ತು ಅಂತ ನಾನು ಮನಸಾರೆ ನಂಬಿದ್ದೇನೆ.

ಆಕೆಗೆ ಮೊದಲು ಆಟ ಹೇಳಿಕೊಟ್ಟೆ. ಅಲ್ಲಿನವರ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಉದ್ದುದ್ದ, ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಪಕ್ಷಕ್ಕೆ 11 ಜನ. ಚೆಂಡು ಕೈಯಲ್ಲಿರುವವರಿಗೆ 4 ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ 4 ಅವಕಾಶ, ಹೋಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ 6 ಅಂಕ, ಅದರ ಬೆನ್ನಿಗೆ ಒದ್ದು ಕಂಬದ ನಡುವೆ ತೂರಿಸಿದರೆ ಇನ್ನೊಂದು. ಗೆರೆಯ ತನಕ ಹೋಗಲಾಗದೆ ದೂರದಿಂದಲೇ ಒದ್ದು ಕಂಬ ದಾಟಿಸಿದರೆ 3. ಇಷ್ಟು ಗೊತ್ತಿದ್ದರೆ ಮುಕ್ಕಾಲು ಪಾಲು ಆಟ ಗೊತ್ತಾದ ಹಾಗೆ. ಲೆಕ್ಕಕ್ಕೆ 15 ನಿಮಿಷದ ನಾಲ್ಕು ಭಾಗ, ಆದರೆ ಮುಗಿಯುವಷ್ಟರಲ್ಲಿ ಮೂರೂವರೆ ಗಂಟೆ. ಪ್ರತಿ ಹೊಡೆತಕ್ಕೂ ಆಟ ನಿಲ್ಲುತ್ತದೆ, ನಿಂತಾಗೆಲ್ಲ ಯಾಕೆ ಹಾಗೆ ಆಡಿದರು ಅಂತ ಮಾತು ಹುಟ್ಟುತ್ತದೆ. ಆ ಮಾತೆಲ್ಲ ಹರಿದು ಸೇರುವ ಜಾಗವೇ ಪಾಡ್‌ಕಾಸ್ಟು.

"ಕಾಲೇಜು ಹುಡುಗ್ರ ಆಟಕ್ಕೆ ಅಷ್ಟು ಮಾತಾ?" ಅಂದಳು.

ಅಷ್ಟೇ ಅಲ್ಲಮ್ಮ, ಅದಕ್ಕೂ ಹೆಚ್ಚು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಮೊದಲ ಪಂದ್ಯ ಆಯಿತು, ರಟ್ಗರ್ಸ್ 6–4ರಲ್ಲಿ ಗೆದ್ದಿತು. ಅಲ್ಲಿಂದ ಒಂದೂವರೆ ಶತಮಾನ ಊರೂರಿನ ಅಭಿಮಾನವೆಲ್ಲ ಕಾಲೇಜಿನ ತಂಡಕ್ಕೆ ಅಂಟಿಕೊಂಡು ಬೆಳೆಯಿತು. ನಿನ್ನ ಮಗ ಕೂರುವ ಓಹಿಯೋ ಸ್ಟೇಡಿಯಂನಲ್ಲಿ 1,02,780 ಸೀಟು. ಇಡೀ ರಾಯದುರ್ಗ ಪಟ್ಟಣ ಎದ್ದು ಬಂದು ಕೂತರೂ ಜಾಗ ಉಳಿಯುತ್ತದೆ. ಅವರ ಬದ್ಧ ಎದುರಾಳಿ ಮಿಷಿಗನ್. ಅವರ ಮೈದಾನ ಇನ್ನೂ ದೊಡ್ಡದು, 1,07,601. ಈ ಎರಡು ತಂಡಗಳ ಪಂದ್ಯ ನವೆಂಬರಿನ ಕೊನೆಗೆ ಬರುತ್ತದೆ. ಆ ದಿನ ಮಗನಿಗೆ ಫೋನ್ ಹಚ್ಚಲೇಬೇಡ. ಅಲ್ಲಿ ಮಧ್ಯಾಹ್ನ 12 ಗಂಟೆ ಅಂದರೆ ನವೆಂಬರಿನಲ್ಲಿ ನಮಗೆ ರಾತ್ರಿ ಹತ್ತೂವರೆ, ಸೆಪ್ಟೆಂಬರಿನಲ್ಲಾದರೆ ಒಂಬತ್ತೂವರೆ. ರಾತ್ರಿಯ ಪಂದ್ಯವಾದರೆ ನಮ್ಮಲ್ಲಿ ಭಾನುವಾರ ನಸುಕು. ಸ್ಟೇಡಿಯಂನಲ್ಲಿ ಬ್ಯಾಂಡಿನವರು ಬಾರಿಸುತ್ತ ನಡೆದು ಮೈದಾನದ ಮೇಲೆ ಕೂಡಿಸಿ ಬರೆದ ಅಕ್ಷರದಲ್ಲಿ ಓಹಿಯೋ ಅಂತ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ದೊಡ್ಡ ಕಹಳೆ ಹೊತ್ತ ಒಬ್ಬ ಕಡೆಗೆ ಬಂದು 'ಐ' ಅಕ್ಷರದ ನೆತ್ತಿಗೆ ಚುಕ್ಕೆಯಾಗಿ ನಿಲ್ಲುತ್ತಾನೆ. 1936ರಿಂದ ನಡೆದುಬಂದ ಪದ್ಧತಿ. ಆ ಚುಕ್ಕೆ ಇಟ್ಟರಾ ಅಂತ ಮಗನನ್ನು ಕೇಳು, ಅವನ ದನಿ ಹೇಗೆ ಬದಲಾಗುತ್ತದೆ ನೋಡು.

ಇನ್ನು ಕೇಳುವ ವಿಷಯ. ಹೊಸಬರು ಶುರುಮಾಡಬೇಕಾದದ್ದು 'ದಿ ಸಾಲಿಡ್ ವರ್ಬಲ್' ಅನ್ನುವುದರಿಂದ. ಟೈ ಹಿಲ್ಡೆನ್‌ಬ್ರಾಂಟ್ ಮತ್ತು ಡ್ಯಾನ್ ರೂಬೆನ್‌ಸ್ಟೈನ್ ಎಂಬ ಇಬ್ಬರು 2008ರಿಂದ ನಡೆಸಿಕೊಂಡು ಬಂದಿರುವುದು. ಪಾಡ್‌ಕಾಸ್ಟ್ ಅನ್ನುವ ಹೆಸರನ್ನೇ ನಮ್ಮಲ್ಲಿ ಹೆಚ್ಚಿನವರು ಕೇಳಿರದ ಕಾಲ ಅದು. ಇಬ್ಬರ ಮಾತು ಸ್ಪಷ್ಟ, ಜಗಳವಿಲ್ಲ, ಕೂಗಾಟವಿಲ್ಲ. ಶನಿವಾರಕ್ಕೆ ಮುಂಚೆ ಯಾವ ಪಂದ್ಯ ನೋಡತಕ್ಕದ್ದು ಅಂತ ಹೇಳುತ್ತಾರೆ, ಮುಗಿದ ಮೇಲೆ ಆದದ್ದೇನು ಅಂತ ಬಿಡಿಸುತ್ತಾರೆ. ನನ್ನ ಸಲಹೆ, ಮುಗಿದ ಮೇಲಿನದನ್ನೇ ಮೊದಲು ಕೇಳಬೇಕು. ಫಲಿತಾಂಶ ಗೊತ್ತಿದ್ದು ಕೇಳಿದರೆ ಕಾರಣಗಳು ತಲೆಗೆ ಹತ್ತುತ್ತವೆ. ಆಮೇಲೆ ಯೂಟ್ಯೂಬಿನಲ್ಲಿ ಆ ಪಂದ್ಯದ ಹತ್ತು ನಿಮಿಷದ ತುಣುಕು ನೋಡಿದರೆ, ಕಿವಿಗೆ ಬಿದ್ದ ಹೆಸರುಗಳಿಗೆ ಮುಖ ಸಿಗುತ್ತದೆ.

ಓಹಿಯೋ ಸ್ಟೇಟ್ ಒಂದೇ ತಂಡದ ಸುದ್ದಿ ಬೇಕೆಂದರೆ 'ಇಲೆವೆನ್ ವಾರಿಯರ್ಸ್' ಬಳಗದ 'ರಿಯಲ್ ಪಾಡ್ ವೆನ್ಸ್‌ಡೇಸ್' ಇದೆ. ಮಗ ಆಡುವ ಮಾತಿಗೆ ಹತ್ತಿರದ್ದು ಇದೇ. 2025ರ ಜನವರಿ 20ರಂದು ಅವರ ತಂಡ ನೋತ್ರ್ ಡೇಮ್ ತಂಡವನ್ನು 34–23ರಲ್ಲಿ ಸೋಲಿಸಿ ರಾಷ್ಟ್ರದ ಪಟ್ಟ ಗೆದ್ದಿತು. 12 ತಂಡಗಳ ಪ್ಲೇಆಫ್ ಅಂತ ಮೊದಲ ಸಲ ನಡೆದ ವರ್ಷ ಅದು. ಆ ವಾರದ ಕಂತು ಕೇಳಿದರೆ ಅವನ ಊರು ಹೇಗೆ ಕುಣಿದಿತ್ತು ಅಂತ ಗೊತ್ತಾಗುತ್ತದೆ.

'ಸ್ಪ್ಲಿಟ್ ಝೋನ್ ಡುಯೋ' ಅನ್ನುವುದು ಪತ್ರಕರ್ತರು ನಡೆಸುವಂಥದ್ದು, ನನಗೆ ಇದರ ಮೇಲೆ ಹೆಚ್ಚು ಗೌರವ. ಕಾಲೇಜು ಆಟದ ಹಿಂದಿನ ದುಡ್ಡು, ಕೋಚ್‌ಗಳ ಬದಲಾವಣೆ, ವಿಶ್ವವಿದ್ಯಾಲಯಗಳ ಒಳಸುಳಿ ಇವೆಲ್ಲ ಅಲ್ಲಿ ತಿಳಿಯುತ್ತವೆ. ಮೊದಲು ಅಲ್ಲಿನ ಕಾಲೇಜು ಆಟಗಾರರು ಒಂದು ಡಾಲರ್ ಸಂಪಾದಿಸಿದರೂ ತಪ್ಪಾಗುತ್ತಿತ್ತು. 2021ರ ಜುಲೈ 1ರಿಂದ ತಮ್ಮ ಹೆಸರು, ಚಿತ್ರಗಳ ಮೇಲೆ ಅವರು ದುಡಿಯಬಹುದು; 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡುವ ಏರ್ಪಾಡು ಬಂದಿದೆ. ಹೊಲಿಯುವವರಿಗೆ ಕೂಲಿ ಕೊಡದೆ ಜೀನ್ಸ್ ಮಾರಿದರೆ ಹೇಗೋ, ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟಗಾರನಿಗೆ ಏನೂ ಕೊಡದೆ ಇಟ್ಟದ್ದೂ ಹಾಗೆಯೇ. ಈ ಮಾತು ಕೇಳಿ ನನ್ನ ನೆರೆಯಾಕೆ ತಲೆಯಾಡಿಸಿದಳು. ಪೀಸಿಗೆ ಇಷ್ಟು ಅಂತ ಲೆಕ್ಕ ಹಾಕಿ ದುಡಿಯುವವಳಿಗೆ ಬಿಡಿಸಿ ಹೇಳಬೇಕಿಲ್ಲ.

'ಶಟ್‌ಡೌನ್ ಫುಲ್‌ಕಾಸ್ಟ್' ಇನ್ನೊಂದು. ಸ್ಪೆನ್ಸರ್ ಹಾಲ್, ಹಾಲಿ ಆಂಡರ್ಸನ್, ಜೇಸನ್ ಕರ್ಕ್, ರಯನ್ ನ್ಯಾನಿ ಸೇರಿಕೊಂಡು ಮಾಡಿದ್ದು. ಆಟದಿಂದ ಹೊರಟ ಮಾತು ಊಟಕ್ಕೆ, ಕಾಡುಪ್ರಾಣಿಗೆ, ಹಳೆಯ ಸಿನಿಮಾಕ್ಕೆ ಹೋಗಿ ಯಾವಾಗಲೋ ಆಟಕ್ಕೆ ವಾಪಸು ಬರುತ್ತದೆ. ಅಪ್ಪಟ ಹರಟೆ. ನನಗೆ ಬಹಳ ಇಷ್ಟ, ಆದರೆ ಹೊಸಬರಿಗೆ ಕೊಡಬಾರದು. ಅಲ್ಲಿನ ಊರು, ತಂಡ, ಕೋಚ್‌ಗಳ ಪರಿಚಯವಿಲ್ಲದಿದ್ದರೆ ಅವರು ಯಾಕೆ ನಗುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ಒಂದು ಋತು ಪೂರ್ತಿ ಕೇಳಿದ ಮೇಲೆ ಇದಕ್ಕೆ ಬರಬೇಕು.

ಇಂಗ್ಲಿಷ್ ಉಚ್ಚಾರ ಹಿಡಿಯದಿದ್ದರೆ ವೇಗ ಇಳಿಸಬಹುದು, ಮುಕ್ಕಾಲಿಗೆ ಇಟ್ಟರೆ ಸಾಕು. ಕೆಲವು ಆ್ಯಪ್‌ಗಳಲ್ಲಿ ಮಾತು ಅಕ್ಷರವಾಗಿಯೂ ತೆರೆಯ ಮೇಲೆ ಓಡುತ್ತದೆ. ಡೇಟಾ ಚಿಂತೆಯೂ ಬೇಡ. ಒಂದು ಗಂಟೆಯ ಮಾತಿಗೆ 30ರಿಂದ 60 ಎಂಬಿ ಸಾಕು, ಒಮ್ಮೆ ಇಳಿಸಿಕೊಂಡರೆ ಕರೆಂಟು, ಸಿಗ್ನಲ್ ಯಾವುದು ಹೋದರೂ ಕೇಳಬಹುದು.

ಒಂದೇ ಒಂದು ಎಚ್ಚರಿಕೆ ಹೇಳಿದೆ, ಅದನ್ನು ಗಟ್ಟಿಯಾಗಿಯೇ ಹೇಳಿದೆ. ಅಮೆರಿಕದ ಸುಪ್ರೀಂ ಕೋರ್ಟು 2018ರ ಮೇ ತಿಂಗಳಲ್ಲಿ ಆಟದ ಮೇಲಿನ ಬಾಜಿಗೆ ರಾಜ್ಯಗಳು ಅನುಮತಿ ಕೊಡಬಹುದು ಅಂದಮೇಲೆ ಅಲ್ಲಿನ ಆಟದ ಪಾಡ್‌ಕಾಸ್ಟ್‌ಗಳಲ್ಲಿ ಬಾಜಿಯ ಜಾಹೀರಾತುಗಳು ತುಂಬಿಹೋಗಿವೆ. ಯಾವ ತಂಡ ಎಷ್ಟು ಅಂಕದಿಂದ ಗೆಲ್ಲುತ್ತದೆ, ಎಷ್ಟು ಕಟ್ಟಬಹುದು ಅಂತಲೇ ಇಡೀ ಕಂತು ನಡೆಸುವವರಿದ್ದಾರೆ. ಅವನ್ನು ಮನೆಯೊಳಗೆ ಬಿಡಬಾರದು. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿದೆ. ಅದಕ್ಕಿಂತ ಮುಂಚೆ ಐಪಿಎಲ್ ಬಾಜಿಯಲ್ಲಿ ಹಾಳಾದ ಹುಡುಗರನ್ನು ನಾನು ಮೇಷ್ಟ್ರಾಗಿ ಕಣ್ಣಾರೆ ಕಂಡಿದ್ದೇನೆ. ಆಟದ ಮಾತು ಬೇಕು, ಬಾಜಿಯ ಮಾತು ಬೇಡ.

ಆಕೆ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು. ಆಮೇಲೆ ಕೇಳಿದಳು: "ಅದಿರ್ಲಿ ಮೇಷ್ಟ್ರೇ, ನಮ್ಮ ಕಾಲೇಜು ಹುಡುಗ್ರ ಆಟದ್ದು ಹಿಂಗ ಕೇಳಾಕೆ ಐತೇನು? ನಮ್ಮ ಮಾತಿನಾಗೆ?"

ಇಲ್ಲಿಂದ ಮುಂದಿನ ಮಾತೇ ನನಗೆ ಮುಖ್ಯವಾದದ್ದು.

ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲ್ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಬಾರ್ಸಿಲೋನಾದಿಂದ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಕಟ್ಟಿದರು. ಜನ ಆರ್‌ಡಿಟಿ ಅಂತಾರೆ. 2009ರ ಜೂನ್ 19ರಂದು ಅವರು ತೀರಿಕೊಂಡರು, ಆದರೆ ಟ್ರಸ್ಟಿನ ಕ್ರೀಡಾಗ್ರಾಮ ಅನಂತಪುರದಲ್ಲಿದೆ. 2010ರಲ್ಲಿ ರಫೆಲ್ ನಡಾಲ್ ಬಂದು ಅಲ್ಲಿ ಟೆನಿಸ್ ಶಾಲೆ ತೆರೆದರು. 2024ರ ಸೆಪ್ಟೆಂಬರಿನಲ್ಲಿ ದುಲೀಪ್ ಟ್ರೋಫಿ ಕ್ರಿಕೆಟ್ ಪಂದ್ಯಗಳು ಅಲ್ಲಿ ನಡೆದವು. ಅದೇ ಕ್ರೀಡಾಗ್ರಾಮದಲ್ಲಿ ಹಳ್ಳಿಯ ಹುಡುಗರು, ಹುಡುಗಿಯರು ಫುಟ್‌ಬಾಲ್ ಆಡುತ್ತಾರೆ. ಹುಡುಗಿಯರು ಚಡ್ಡಿ, ಜೆರ್ಸಿ ತೊಟ್ಟು ಚೆಂಡು ಒದೆಯುವುದನ್ನು ನಮ್ಮ ಹಳ್ಳಿಗಳು ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. ಸ್ಪೇನಿನ ನಂಟಿನಿಂದ ಆ ಮಕ್ಕಳಿಗೆ ಲಾ ಲಿಗಾದ ತಂಡಗಳ ಹೆಸರು ಬಾಯಿಪಾಠ. ಅವರಲ್ಲಿ ಇಂಗ್ಲಿಷ್ ತಿಳಿಯುವವರು 'ದಿ ಸ್ಪ್ಯಾನಿಷ್ ಫುಟ್‌ಬಾಲ್ ಪಾಡ್‌ಕಾಸ್ಟ್' ಕೇಳಬೇಕು. ಸಿಡ್ ಲೋ ಮತ್ತು ಫಿಲ್ ಕಿಟ್ರೊಮಿಲಿಡಿಸ್ ಸ್ಪೇನಿನ ಆಟವನ್ನು ಒಳಗಿನವರ ಹಾಗೆ ಬಲ್ಲವರು. ದೊಡ್ಡ ಕ್ಲಬ್ಬುಗಳಿಗೆ ಕೊಡುವಷ್ಟೇ ಗೌರವವನ್ನು ಸಣ್ಣ ಊರಿನ ಕ್ಲಬ್ಬುಗಳಿಗೂ ಕೊಡುತ್ತಾರೆ. ನಮ್ಮಂಥ ಊರಿನವರು ಅವರಿಂದ ಕಲಿಯಬೇಕಾದದ್ದು ಅದನ್ನೇ.

ಕಾಲೇಜುಗಳಿಗೂ ಕೊರತೆಯಿಲ್ಲ. ಅನಂತಪುರದ ಸರ್ಕಾರಿ ಕಲಾ ಕಾಲೇಜು 1916ರದು. ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ 1981ರಿಂದ ಇದೆ. ನಮ್ಮ ಕಡೆಯ ಡಿಗ್ರಿ ಕಾಲೇಜುಗಳ ಹುಡುಗರು ಅಂತರಕಾಲೇಜು ಪಂದ್ಯ ಆಡಲು ಕೆಂಪು ಬಸ್ಸು ಹತ್ತಿ ಹೋಗುತ್ತಾರೆ, ಗೆದ್ದೋ ಸೋತೋ ಅದೇ ಬಸ್ಸಿನಲ್ಲಿ ಬರುತ್ತಾರೆ. ಏನಾಯಿತು, ಯಾರು ಗೋಲು ಹೊಡೆದರು, ಯಾವ ಹಳ್ಳಿಯ ಹುಡುಗ, ಅವನಿಗೆ ಬೂಟು ಕೊಡಿಸಿದವರು ಯಾರು, ಇದನ್ನು ಹೇಳುವ ದನಿ ಒಂದೂ ಇಲ್ಲ.

ಗಡಿಯವರಿಗೆ ಈ ಕೊರತೆ ಇಮ್ಮಡಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಅದರದ್ದೇ ಆಗಿದ್ದ ರಾಯದುರ್ಗ ತಾಲೂಕು ಆಲೂರು, ಆದೋನಿಗಳ ಜೊತೆಗೆ ಈ ಕಡೆ ಉಳಿಯಿತು. ಮಡಕಶಿರಾ ಆಗಲೇ ಅನಂತಪುರದ್ದಾಗಿತ್ತು. ನೊಳಂಬರು ಆಳಿದ ಹೇಮಾವತಿ ಅಲ್ಲಿದೆ, ಅಗಳಿ, ರೊಳ್ಳ, ಅಮರಾಪುರದ ಮನೆಮಾತು ಇವತ್ತಿಗೂ ಕನ್ನಡ, ಕನ್ನಡ ಮಾಧ್ಯಮದ ಶಾಲೆಗಳೂ ಇವೆ. 2022ರ ಏಪ್ರಿಲ್ 4ರಂದು ಜಿಲ್ಲೆಗಳನ್ನು ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜನ ಮಾತ್ರ ಈಗಲೂ ಎರಡನ್ನೂ ಅನಂತಪುರ ಅಂತಲೇ ಕರೆಯುತ್ತಾರೆ, ನಾನೂ ಹಾಗೇ. ಇಲ್ಲಿನ ಹುಡುಗ ಗೋಲು ಹೊಡೆದರೆ ಗಡಿಯ ಆಚೆಯ ಕನ್ನಡದವರಿಗೆ ಅದು ಬೇರೆ ರಾಜ್ಯದ ಸುದ್ದಿ. ಈಚೆಯ ತೆಲುಗಿನಲ್ಲಿ ಬಂದರೆ ಎರಡು ಸಾಲು. ಅವನ ಅಜ್ಜಿಗೆ ಓದಲು ಬರುವ ಅಕ್ಷರದಲ್ಲಿ ಅವನ ಹೆಸರು ಎಲ್ಲೂ ಇರುವುದಿಲ್ಲ. ಕಿವಿಗಾದರೆ ಅಕ್ಷರದ ಹಂಗಿಲ್ಲ, ಗಡಿಯ ಹಂಗೂ ಇಲ್ಲ.

ನಾವು ಬೆಳೆದದ್ದೇ ಹಾಗಲ್ಲವೇ? ಮಡಕಶಿರಾದಲ್ಲಿ ರಾತ್ರಿ ರೇಡಿಯೋ ತಿರುಗಿಸಿದರೆ 612ಕ್ಕೆ ಬೆಂಗಳೂರು, 765ಕ್ಕೆ ಧಾರವಾಡ, 900ಕ್ಕೆ ಕಡಪ. ಚಿನ್ನಸ್ವಾಮಿ ಕ್ರೀಡಾಂಗಣದ ಕ್ರಿಕೆಟ್ ಕನ್ನಡದಲ್ಲಿ ಕೇಳಿದವರು ಆ ಮೈದಾನವನ್ನು ಒಮ್ಮೆಯೂ ನೋಡದೆ ಅದರ ಮೂಲೆಮೂಲೆಯನ್ನು ಬಲ್ಲವರಾಗಿದ್ದರು. ಶೇಂಗಾ ಬಿಡಿಸುತ್ತ ಕೂತ ಹೆಂಗಸರಿಗೂ ವಿಶ್ವನಾಥ್ ಔಟಾದದ್ದು ಗೊತ್ತಿರುತ್ತಿತ್ತು. ಕ್ರಿಕೆಟ್ ನಮ್ಮ ಹಳ್ಳಿಗೆ ಬಂದದ್ದು ಬ್ಯಾಟಿಗಿಂತ ಮುಂಚೆ ಮಾತಿನ ಮೂಲಕ.

ಫುಟ್‌ಬಾಲಿಗೂ ಬೇರೆ ಕಡೆ ಹಾಗೆಯೇ ಆಯಿತು. ಕಲ್ಕತ್ತೆಯಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ತಂಡಗಳ ಪಂದ್ಯವನ್ನು ಅಜಯ್ ಬಸು, ಪುಷ್ಪೇನ್ ಸರ್ಕಾರ್ ಅಂಥವರು ಆಕಾಶವಾಣಿಯಲ್ಲಿ ಬಂಗಾಳಿಯಲ್ಲಿ ಹೇಳುತ್ತಿದ್ದರು. ಮೈದಾನ ಕಾಣದ ಹಳ್ಳಿಯವನೂ ಅವರ ದನಿಯ ಮೂಲಕ ಒಂದು ತಂಡಕ್ಕೆ ಸೇರಿಬಿಡುತ್ತಿದ್ದ. ಈಗ ಮಲಯಾಳದಲ್ಲಿ ಶೈಜು ದಾಮೋದರನ್ ಅವರ ವೀಕ್ಷಕ ವಿವರಣೆಗೆಂದೇ ಟಿವಿ ದನಿ ಏರಿಸುವವರಿದ್ದಾರೆ. ಬಂಗಾಳಕ್ಕೂ ಕೇರಳಕ್ಕೂ ಫುಟ್‌ಬಾಲಿನ ಹುಚ್ಚು ಹುಟ್ಟಾ ಬಂದದ್ದು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದರ ಅರ್ಧ ಪಾಲು ಬಾಯಿಂದ ಕಿವಿಗೆ ಬಂದದ್ದು.

ಹೇಳುವುದಕ್ಕೆ ನಮ್ಮ ಬಳಿ ಕಥೆಯೇ ಇಲ್ಲವೇ? 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಪಂದ್ಯ ಫ್ರಾನ್ಸಿನ ಮೇಲೆ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 2–1ರಲ್ಲಿ ಸೋತರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ಇದೆ, ಅದರ ಸುತ್ತ ಮಕ್ಕಳು ಚೆಂಡು ಒದೆಯುತ್ತಾರೆ. ಇತ್ತ ಹೈದರಾಬಾದಿನ ಕಡೆ ನೋಡಿದರೆ ಸಯ್ಯದ್ ಅಬ್ದುಲ್ ರಹೀಂ. ಅವರು ತರಬೇತಿ ಕೊಟ್ಟ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಯಿತು, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2–1ರಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಬೆಂಗಳೂರು ಒಂದು ಕಡೆ, ಹೈದರಾಬಾದು ಇನ್ನೊಂದು ಕಡೆ. ನಡುವೆ ಇರುವ ನಮಗೆ ಎರಡೂ ಕಥೆಗಳ ಮೇಲೆ ಹಕ್ಕಿದೆ.

ಹಳೆಯದನ್ನು ಬಿಡಿ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಅಂತ ಹೆಸರಿದ್ದ ಕಾಲದಲ್ಲಿ, 1968–69ರಲ್ಲಿ ಗೆದ್ದದ್ದೇ ಕೊನೆ; ನಡುವೆ 54 ವರ್ಷ. ಅರ್ಧ ಶತಮಾನದ ಮೇಲೆ ಬಂದ ಗೆಲುವನ್ನು ಆಟಗಾರರ ಬಾಯಿಂದಲೇ ಕನ್ನಡದಲ್ಲಿ, ನಿಧಾನವಾಗಿ, ಒಂದು ಗಂಟೆ ಕೂತು ಹೇಳಿಸಿ ಕೇಳಬೇಕು ಅಂತ ನನಗೆ ಆಸೆ. ಓಹಿಯೋ ತಂಡದ ಒಂದು ಸಾಧಾರಣ ಶನಿವಾರದ ಪಂದ್ಯಕ್ಕೆ ಹತ್ತಾರು ಗಂಟೆಯ ಮಾತು ಸಿಗುತ್ತದೆ. ಈ ಗೆಲುವಿಗೆ ಅದರ ಒಂದು ಚೂರಾದರೂ ಸಲ್ಲಬೇಕು.

ಕನ್ನಡದಲ್ಲಿ ಪಾಡ್‌ಕಾಸ್ಟ್ ನಡೆಯುವುದಿಲ್ಲ ಅನ್ನುವವರಿಗೆ 'ತಲೆ-ಹರಟೆ' ಕೇಳಿಸಬೇಕು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ, ಸೂರ್ಯಪ್ರಕಾಶ್ ಸೇರಿ 2019ರಲ್ಲಿ ಶುರುಮಾಡಿದ್ದು. ವಿಜ್ಞಾನ, ಇತಿಹಾಸ, ರಾಜ್ಯಾಡಳಿತ ಎಲ್ಲವನ್ನೂ ಆಡುಮಾತಿನ ಕನ್ನಡದಲ್ಲಿ ಲೀಲಾಜಾಲವಾಗಿ ಆಡಿ ತೋರಿಸಿದ್ದಾರೆ. ಅಷ್ಟು ಭಾರದ ವಿಷಯವೇ ಕನ್ನಡದಲ್ಲಿ ಕೂತು ಮಾತಾಡಿಸಿಕೊಂಡರೆ ಫುಟ್‌ಬಾಲಿಗೆ ಏನು ಅಡ್ಡಿ?

ಬೇಕಾದ ಸಾಮಾನು ಕಡಿಮೆ. ಕೈಯಲ್ಲಿರುವ ಫೋನು, ಕಿವಿಗೆ ಹಾಕುವ ಮೈಕ್ ಇರುವ ವೈರು, ಸದ್ದು ಪ್ರತಿಧ್ವನಿಸದ ಒಂದು ಕೋಣೆ. ಕೋಣೆಯ ವಿಷಯದಲ್ಲಿ ರಾಯದುರ್ಗದವರು ಪುಣ್ಯವಂತರು. ಜೀನ್ಸ್ ಬಟ್ಟೆಯ ಥಾನುಗಳನ್ನು ಗೋಡೆಗೆ ಒಟ್ಟಿದ ಕೋಣೆಯಲ್ಲಿ ಮಾತು ಗುಂಯ್ ಅನ್ನುವುದಿಲ್ಲ. ಭಾನುವಾರ ಮಿಷನ್ ನಿಂತಾಗ ಅಲ್ಲಿ ಕೂತು ಮಾತಾಡಿದರೆ ಸ್ಟುಡಿಯೋಗೆ ಹೋಗುವ ಅಗತ್ಯವಿಲ್ಲ. ಮಡಕಶಿರಾದವರು ಗೋಡೆಗೆ ಎರಡು ಕೌದಿ ಇಳಿಬಿಟ್ಟರಾಯಿತು. ಯೂಟ್ಯೂಬಿಗೂ ಸ್ಪಾಟಿಫೈಗೂ ಹಾಕುವುದಕ್ಕೆ ಖರ್ಚಿಲ್ಲ. 20 ನಿಮಿಷ ಸಾಕು, ಗಂಟೆ ಎಳೆಯಬಾರದು.

ಮಾತಿಗೆ ಇಬ್ಬರು ಬೇಕು. ಒಬ್ಬ ಆಟ ಬಲ್ಲವನು, ಇನ್ನೊಬ್ಬ ಕೇಳುವವನು. ಇಬ್ಬರೂ ಬಲ್ಲವರಾದರೆ ಹೊರಗಿನವರಿಗೆ ಜಾಗವಿರುವುದಿಲ್ಲ. ಹುಡುಗಿಯರ ತಂಡದಿಂದ ಒಬ್ಬಳು ಇದ್ದರೆ ಇನ್ನೂ ಒಳ್ಳೆಯದು. ಪುಸ್ತಕದ ಕನ್ನಡ ಬೇಡ. ಅಗಳಿಯ ಹುಡುಗ 'ಅಂಗೆ ಇಂಗೆ' ಅನ್ನುತ್ತಾನೆ, ರಾಯದುರ್ಗದವನು 'ಹಂಗ ಹಿಂಗ' ಅನ್ನುತ್ತಾನೆ, ಇಬ್ಬರೂ ನಡುವೆ ತೆಲುಗು ಸೇರಿಸುತ್ತಾರೆ. ಹಾಗೇ ಇರಲಿ. ತೆಲುಗಿನ ಆಟಗಾರ ಬಂದರೆ ಅವನು ತೆಲುಗಿನಲ್ಲೇ ಹೇಳಲಿ, ನಮ್ಮ ಕೇಳುಗರಿಗೆ ಅದೂ ತಿಳಿಯುತ್ತದೆ. ಗೋಲಿನ ಲೆಕ್ಕ ಮೊದಲು, ಆಮೇಲೆ ಅದು ಹೇಗೆ ಬಂತು, ಆಮೇಲೆ ಹೊಡೆದವನ ಊರು, ಮನೆ, ಅಭ್ಯಾಸ. 18 ತುಂಬದ ಮಕ್ಕಳನ್ನು ಮಾತಾಡಿಸುವಾಗ ಅಪ್ಪ ಅಮ್ಮನ ಒಪ್ಪಿಗೆ ಕೇಳಲೇಬೇಕು. ರೆಫರಿಯನ್ನು ಬೈಯಬಾರದು, ಬಿಸಿಲಲ್ಲಿ ಓಡಿದವನು ಅವನೂ ಹೌದು.

ಇದನ್ನೆಲ್ಲ ನಾನು ಬೇಲಿಯ ಈಚೆ ನಿಂತು ಹೇಳುತ್ತಲೇ ಇದ್ದೆ, ಒಲೆಯ ಮೇಲೆ ಹಾಲು ಉಕ್ಕುತ್ತದೆ ಅಂತ ಆಕೆ ಒಳಗೆ ಓಡಿದಳು. ಆಕೆಯ ಪ್ರಶ್ನೆಗೆ ಉತ್ತರ ನನ್ನ ಬಳಿ ಇಲ್ಲ. ಅದು ಇರುವುದು ಕಾಲೇಜಿನ ಹುಡುಗರ ಬಳಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಾಯದುರ್ಗ, ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದ ಕಾಲೇಜುಗಳಲ್ಲಿ ಓದುವ ಮಕ್ಕಳೇ, ನಿಮ್ಮಲ್ಲಿ ಒಬ್ಬರಿಗೆ ಆಟ ಗೊತ್ತಿದೆ, ಇನ್ನೊಬ್ಬರಿಗೆ ಮಾತು ಗೊತ್ತಿದೆ. ಈ ವರ್ಷದ ಅಂತರಕಾಲೇಜು ಪಂದ್ಯಕ್ಕೆ ಹೋಗುವಾಗ ಫೋನನ್ನು ಚಾರ್ಜ್ ಮಾಡಿಕೊಂಡು ಹೋಗಿ. ಬಸ್ಸಿನಲ್ಲಿ ವಾಪಸು ಬರುವಾಗಲೇ ಮೊದಲ ಕಂತು ಮಾತಾಡಿ ಮುಗಿಸಿ, ಗದ್ದಲವಿದ್ದರೂ ಪರವಾಗಿಲ್ಲ. ಹಾಕಿದ ಮೇಲೆ ನನಗೊಂದು ಮಾತು ತಿಳಿಸಿ. ಕೇಳುತ್ತೇನೆ, ನಮ್ಮ ಓಣಿಯ ಪ್ರತಿ ಮಿಷನ್ನಿನ ಮುಂದೆಯೂ ಕೇಳಿಸುತ್ತೇನೆ.